ಕರಗಿದ ಮೇಲೆ ಉಳಿಯುವುದು

ಬರ್ಲಿನ್ ನಗರದ ಐನ್‌ಸ್ಟ್ಯುರ್ಟ್ಸೆಂಡೆ ನಾಯ್‌ಬೌಟನ್ ತಂಡ 2024ರ ಏಪ್ರಿಲ್ 5ರಂದು ‘ರಾಂಪೆನ್’ ಎಂಬ ಆಲ್ಬಮ್ ಹೊರತಂದಿತು. ಇಂಡಸ್ಟ್ರಿಯಲ್ ರಾಕ್ ಎಂದು ಜಗತ್ತು ಕರೆಯುವ ಸಂಗೀತಕ್ಕೆ ಬುನಾದಿ ಹಾಕಿದವರಲ್ಲಿ ಇವರೂ ಸೇರಿದ್ದಾರೆ. ಅಷ್ಟು ಹೊತ್ತಿಗೆ ತಂಡಕ್ಕೆ 44 ವರ್ಷ, ಅದರ ಗಾಯಕ ಬ್ಲಿಕ್ಸಾ ಬಾರ್ಗೆಲ್ಡ್‌ಗೆ 65. ನನ್ನ ತಮ್ಮನ ಮಗ ಕಾಲೇಜಿನ ದಿನಗಳಿಂದ ಇವರನ್ನೇ ಕೇಳುತ್ತ ಬೆಳೆದವನು. ಹೊಸ ಆಲ್ಬಮ್ ಕೇಳಿ ಮುಗಿಸಿ ನನಗೆ ಫೋನ್ ಮಾಡಿದ. “ಚೆನ್ನಾಗಿಲ್ಲ ಅಂತಲ್ಲ ಅತ್ತೆ. ಆದ್ರೆ ಇವರು ಅವರಲ್ಲ,” ಅಂದ.

ಆ ಮಾತು ನನ್ನನ್ನು ಬಿಡಲಿಲ್ಲ. ಅವರಲ್ಲ ಎನ್ನಲು ಏನು ಆಧಾರ? ಅವರೇ ಎನ್ನುವುದಾದರೆ ಅದಕ್ಕಾದರೂ ಏನು ಆಧಾರ? ದನಿ ಬೇರೆಯಾಗಿದೆ, ಜೊತೆಗಾರರು ಬದಲಾಗಿದ್ದಾರೆ, ಅವರು ಹುಟ್ಟಿದ ಪಶ್ಚಿಮ ಬರ್ಲಿನ್ ಎಂಬ ಊರೇ ಈಗ ಭೂಪಟದಲ್ಲಿಲ್ಲ. ಇಷ್ಟೆಲ್ಲ ಹೋದ ಮೇಲೂ ‘ಅವನೇ ಇವನು’ ಎಂದು ನಾವು ಯಾವುದನ್ನು ಹಿಡಿದು ಹೇಳುತ್ತೇವೆ? ನಮ್ಮ ದರ್ಶನಗಳು ಬಹಳ ಹಿಂದಿನಿಂದ ಗುದ್ದಾಡಿಕೊಂಡು ಬಂದಿರುವ ಪ್ರಶ್ನೆ ಇದು. ಒಂದು ಹಾಡುಗಾರಿಕೆಯ ನೆಪದಲ್ಲಿ ನನ್ನ ಮನೆಯೊಳಗೂ ಬಂತು.

ನಾನು ಸಂಗೀತ ಕಲಿತವಳಲ್ಲ. ಪೀಣ್ಯದ ಒಂದು ಫೌಂಡ್ರಿಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತಳಾದವಳು. ಗುಜರಿ ಕರಗಿಸಿ ಉಕ್ಕಿನ ಎರಕ ಹೊಯ್ಯುವ ಜಾಗ ಅದು. ತಮ್ಮನ ಮಗ ಒಮ್ಮೆ ಇಯರ್‌ಫೋನನ್ನು ನನ್ನ ಕಿವಿಗಿಟ್ಟು, “ಇದು ನಿಮ್ಮ ಫ್ಯಾಕ್ಟರಿ ಸದ್ದು, ಕೇಳಿ ಅತ್ತೆ,” ಎಂದಿದ್ದ. ಅದು 1981ರ ‘ಕೊಲಾಪ್ಸ್’, ಅವರ ಮೊದಲ ಪೂರ್ಣ ಆಲ್ಬಮ್. ತಗಡು, ಸ್ಪ್ರಿಂಗು, ಪೈಪು, ಡ್ರಿಲ್ಲಿಂಗ್ ಮೆಷಿನ್ನು, ಅದರ ನಡುವೆ ಗಂಟಲು ಹರಿಯುವಂಥ ಕೂಗು. ಕೇಳಿದವರು ಅದನ್ನು ಕೋಪ ಎನ್ನುತ್ತಾರೆ. ನನಗೆ ಅದರಲ್ಲಿ ಪರೀಕ್ಷೆ ಕೇಳಿಸಿತು.

ಶಾಪ್ ಫ್ಲೋರಿನಲ್ಲಿ ವಸ್ತುವಿಗೆ ಹೊಡೆಯುವುದೆಂದರೆ ಅದನ್ನು ಮಾತಾಡಿಸುವುದು. ಹೊಸ ಗ್ರೈಂಡಿಂಗ್ ವೀಲನ್ನು ಮೆಷಿನ್ನಿಗೆ ಏರಿಸುವ ಮುಂಚೆ ನಡುವಿನ ತೂತಿಗೆ ಬೆರಳು ತೂರಿಸಿ ತೂಗುಬಿಡುತ್ತಾರೆ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರೆ, ಆ ಪಕ್ಕ ಒಂದು, ಈ ಪಕ್ಕ ಒಂದು. ಖಣ್ಣನೆ ಸ್ವಚ್ಛ ದನಿ ಬಂದರೆ ವೀಲ್ ಗಟ್ಟಿ. ದಪ್ಪೆಂದು ಸತ್ತ ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆ, ತಿರುಗುವ ವೇಗಕ್ಕೆ ಸಿಡಿದು ಎದುರಿಗಿದ್ದವನ ಜೀವ ತೆಗೆಯಬಹುದು. ಕಣ್ಣಿಗೆ ಕಾಣದ್ದನ್ನು ಕಿವಿ ಹೇಳುತ್ತದೆ. ನಾಯ್‌ಬೌಟನ್ ತಂಡದ ಸುತ್ತಿಗೆಯೂ ಇದೇ ಕೆಲಸಕ್ಕೆ ಹೊರಟಿತ್ತೆಂದು ನಾನು ಇಂದಿಗೂ ನಂಬಿದ್ದೇನೆ.

ಅವರ ಮೊದಲ ಕಛೇರಿ ನಡೆದದ್ದು 1980ರ ಏಪ್ರಿಲ್ 1ರಂದು, ಪಶ್ಚಿಮ ಬರ್ಲಿನ್ನಿನ ‘ಮೂನ್’ ಎಂಬ ಕ್ಲಬ್ಬಿನಲ್ಲಿ. ತಂಡದ ಹೆಸರಿಗೆ ಕುಸಿಯುತ್ತಿರುವ ಹೊಸ ಕಟ್ಟಡಗಳು ಎಂದು ಅರ್ಥ. ಏಳು ವಾರ ಕಳೆದಿತ್ತಷ್ಟೆ, ಮೇ 21ರಂದು ಅದೇ ಊರಿನ ಕಾಂಗ್ರೆಸ್ ಹಾಲಿನ ಚಾವಣಿ ನಿಜಕ್ಕೂ ಕುಸಿದು ಬಿತ್ತು. 1957ರಲ್ಲಿ ಅಮೆರಿಕದ ಕೊಡುಗೆಯಾಗಿ ಎದ್ದ, ಹೊಸ ಕಾಲದ ಗುರುತು ಎನಿಸಿಕೊಂಡಿದ್ದ ಕಟ್ಟಡ ಅದು. ಕಾಂಕ್ರೀಟಿನೊಳಗೆ ಬಿಗಿದು ಹುಗಿದಿದ್ದ ಉಕ್ಕಿನ ತಂತಿಗಳು ಯಾರ ಕಣ್ಣಿಗೂ ಬೀಳದೆ ತುಕ್ಕು ಹಿಡಿದಿದ್ದವು. ಒಬ್ಬರು ಸತ್ತರು. ಮೇಲೆ ನುಣುಪು, ಒಳಗೆ ತುಕ್ಕು: ಲೋಹದ ಕೆಲಸದವರಿಗೆ ಇದಕ್ಕಿಂತ ಹೆದರಿಕೆಯ ಸಂಗತಿ ಬೇರೆಯಿಲ್ಲ.

ತಂಡದ ತಾಳವಾದ್ಯಗಾರ ಎನ್. ಯು. ಉನ್‌ರೂ ಕೈಯಲ್ಲಿ ಕಾಸಿಲ್ಲದೆ ತನ್ನ ಡ್ರಮ್ ಸೆಟ್ಟನ್ನು ಮಾರಿಕೊಂಡಿದ್ದರು. ಸಿಕ್ಕ ಗುಜರಿಯೇ ವಾದ್ಯವಾಯಿತು. 1980ರಲ್ಲೇ ಬಾರ್ಗೆಲ್ಡ್ ಮತ್ತು ಉನ್‌ರೂ ಒಂದು ಹೆದ್ದಾರಿ ಸೇತುವೆಯ ಟೊಳ್ಳಿನೊಳಗೆ ಕೂತು, ಅದರ ಗೋಡೆಗಳನ್ನೇ ಬಾರಿಸಿ ಧ್ವನಿಮುದ್ರಿಸಿದರು. 1950ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳು ಇವರು. ಯುದ್ಧದ ಬೂದಿಯ ಮೇಲೆ ಬೇಗ ಬೇಗನೆ ಎದ್ದ ಕಟ್ಟಡಗಳ ನಡುವೆ ಬೆಳೆದವರು. ತಂದೆತಾಯಿಯ ತಲೆಮಾರು 1933ರಿಂದ 1945ರವರೆಗಿನ ತನ್ನ ನಡತೆಯ ಬಗ್ಗೆ ಬಹುಮಟ್ಟಿಗೆ ಬಾಯಿ ಬಿಡುತ್ತಿರಲಿಲ್ಲ. ಅಂಥ ಊರಿನಲ್ಲಿ ಹೊಸ ಗೋಡೆಗೆ ತಟ್ಟಿ ಒಳಗೇನಿದೆ ಎಂದು ಕೇಳುವುದು ಧರ್ಮದ ಕೆಲಸವೇ. 1984ರ ಜನವರಿ 3ರಂದು ತಂಡದ ಕೆಲವರು ಲಂಡನ್ನಿನ ಐಸಿಎ ಕಲಾಕೇಂದ್ರದಲ್ಲಿ ಕಾಂಕ್ರೀಟ್ ಮಿಕ್ಸರು, ಗರಗಸ, ಡ್ರಿಲ್ಲುಗಳನ್ನು ಹಿಡಿದು ವೇದಿಕೆಯನ್ನೇ ಕೊರೆಯತೊಡಗಿದಾಗ ಕಾರ್ಯಕ್ರಮವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅವರ ಹೆಸರಿಗೆ ಅಂಟಿಕೊಂಡಿರುವುದು ಈ ಚಿತ್ರ. ತಮ್ಮನ ಮಗ ‘ಅವರು’ ಎನ್ನುವಾಗ ಅವನ ಮನಸ್ಸಿನಲ್ಲಿರುವವರೂ ಇವರೇ.

ಆದರೆ ಬದಲಾವಣೆ ‘ರಾಂಪೆನ್’ನಲ್ಲಿ ದಿಢೀರನೆ ಬಂದದ್ದಲ್ಲ. 1985ರ ‘ಹಾಲ್ಬರ್ ಮೆನ್ಷ್’ ಆಲ್ಬಮ್ಮಿನ ಶೀರ್ಷಿಕೆಯ ಹಾಡಿನಲ್ಲಿ ಗುಜರಿಯನ್ನು ಪಕ್ಕಕ್ಕಿಟ್ಟು ಬರೀ ಕೊರಳುಗಳ ಮೇಳದಿಂದ ಕಟ್ಟಡ ಎಬ್ಬಿಸಿದ್ದರು. 1990ರ ದಶಕದ ನಡುವೆ, ತಂಡದ ಲೋಹದ ಆರ್ಭಟಕ್ಕೆ ಮುಖ್ಯ ಕಾರಣರಾಗಿದ್ದ ಎಫ್. ಎಂ. ಐನ್‌ಹೈಟ್ ಹೊರಟುಹೋದರು, ಬಾಸ್ ನುಡಿಸುತ್ತಿದ್ದ ಮಾರ್ಕ್ ಚುಂಗ್ ಕೂಡ. 1997ರಲ್ಲಿ ಯೋಖೆನ್ ಆರ್ಬೈಟ್, ರುಡಾಲ್ಫ್ ಮೋಸರ್ ಬಂದರು. 2000ದ ‘ಸೈಲೆನ್ಸ್ ಈಸ್ ಸೆಕ್ಸಿ’ಯಲ್ಲಿ ಮೌನವನ್ನೇ ವಾದ್ಯ ಮಾಡಿಕೊಂಡರು, ಬಾರ್ಗೆಲ್ಡ್ ಸಿಗರೇಟು ಎಳೆಯುವ ಸದ್ದು ಕೂಡ ಅಲ್ಲಿ ಸಂಗೀತದ ಒಂದು ಭಾಗ. 2002ರಿಂದ ಕಂಪನಿಗಳ ಹಂಗು ಬೇಡವೆಂದು ಕೇಳುಗರಿಂದಲೇ ಮುಂಗಡ ಹಣ ಪಡೆದು, ಅವರ ಕಣ್ಣೆದುರಿಗೇ ಧ್ವನಿಮುದ್ರಣ ನಡೆಸಿದರು.

2014ರ ‘ಲಾಮೆಂಟ್’ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು. ಮೊದಲ ಮಹಾಯುದ್ಧದ ನೂರನೆಯ ವರ್ಷಕ್ಕೆ ಬೆಲ್ಜಿಯಮ್ಮಿನ ಡಿಕ್ಸ್‌ಮೌಡೆಯಲ್ಲಿ ಮೊದಲು ನುಡಿಸಿದ ಕೃತಿ. ಅದರ ಒಂದು ಭಾಗದಲ್ಲಿ ಯುದ್ಧಕ್ಕಿಳಿದ ಒಂದೊಂದು ದೇಶಕ್ಕೆ ಒಂದೊಂದು ಪ್ಲಾಸ್ಟಿಕ್ ಪೈಪು, ಯುದ್ಧದ ಒಂದೊಂದು ದಿನಕ್ಕೆ ಒಂದೊಂದು ಪೆಟ್ಟು. ದೇಶಗಳು ಸೇರಿದಂತೆ ತಾಳ ದಟ್ಟವಾಗುತ್ತದೆ. ಅಬ್ಬರವೇನೂ ಇಲ್ಲ. ಪೈಪಿಗೆ ಬೀಳುವ ಪೆಟ್ಟು ಒಂದೇ ಸಮ, ಒಂದೇ ವೇಗ. ಎಣಿಸುತ್ತ ಹೋಗುವುದರಲ್ಲೇ ಭೀಕರತೆ ಇದೆ. ತಾತಂದಿರ ಕಾಲದ ಲೆಕ್ಕವನ್ನು ಮೊಮ್ಮಕ್ಕಳು ಒಂದು ದಿನವನ್ನೂ ಬಿಡದೆ ಒಪ್ಪಿಸುತ್ತಿದ್ದಾರೆ.

ಇನ್ನು ‘ರಾಂಪೆನ್’. ವೇದಿಕೆಯ ಮೇಲೆ ಏನನ್ನೂ ಮೊದಲೇ ಗೊತ್ತುಮಾಡಿಕೊಳ್ಳದೆ, ಜನರೆದುರೇ ಹುಡುಕುತ್ತ ನುಡಿಸುವುದಕ್ಕೆ ತಂಡದವರು ‘ರಾಂಪೆ’ ಎನ್ನುತ್ತಾರೆ, ಅಂದರೆ ಮೇಲೇರಲು ಇಳಿಜಾರಾಗಿ ಕಟ್ಟಿದ ದಾರಿ. 2022ರ ಪ್ರವಾಸದಲ್ಲಿ ಹೀಗೆ ಹುಟ್ಟಿದ ತುಣುಕುಗಳನ್ನು ಸ್ಟುಡಿಯೋಕ್ಕೆ ತಂದು ಬೆಳೆಸಿದ 15 ಹಾಡುಗಳು ಇದರಲ್ಲಿವೆ. ಒಂದು ರಾತ್ರಿ ಊಟ ಮುಗಿಸಿ, ದೀಪ ಆರಿಸಿ, ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಜರ್ಮನ್ ನನಗೆ ಬಾರದು. ಹಾಡುಗಳ ತಾತ್ಪರ್ಯವನ್ನು ತಮ್ಮನ ಮಗ ಬರೆದು ಕಳಿಸಿದ್ದ. ಕಿವಿ ಹರಿಯುವ ಕೂಗು ಬಹುಪಾಲು ಹೋಗಿದೆ. ಬಾರ್ಗೆಲ್ಡ್ ಈಗ ಹೆಚ್ಚಾಗಿ ಮಾತಾಡಿದ ಹಾಗೆ ಹಾಡುತ್ತಾರೆ, ತಗ್ಗಿದ ದನಿಯಲ್ಲಿ, ಒಂದೊಂದು ಅಕ್ಷರವನ್ನೂ ತೂಗಿ ಇಟ್ಟಂತೆ. ಬಾಸ್ ನಿಧಾನವಾಗಿ ನಡೆಯುತ್ತದೆ. ಲೋಹ ಇದ್ದೇ ಇದೆ, ಆದರೆ ಪೆಟ್ಟಿಗಿಂತ ಪೆಟ್ಟಾದ ಮೇಲಿನ ಅನುರಣನಕ್ಕೆ ಜಾಗ ಹೆಚ್ಚು. ‘ಪ್ಲಾನೆಟ್ ಉಂಬ್ರಾ’ದಂಥ ದೀರ್ಘ ಹಾಡಿನಲ್ಲಿ ಅವಸರವೇ ಇಲ್ಲ. ಒಂದು ಹಾಡಿನ ಹೆಸರೇ, ಬರ್ಲಿನ್ನಿನ ಆಡುನುಡಿಯಲ್ಲಿ, ‘ನಂಗೊತ್ತಿಲ್ಲ, ಇನ್ನೂ ಗೊತ್ತಿಲ್ಲ’ ಎಂದು.

ತಮ್ಮನ ಮಗನ ದುಃಖ ನನಗೆ ಅರ್ಥವಾಯಿತು. ಆ ದುಃಖಕ್ಕೆ ಸರಿಹೊಂದುವ ದೃಷ್ಟಾಂತ ನಮ್ಮ ಮನೆತನಕ್ಕೆ ಹಳೆಯದು. ನಾನು ಹಾಸನದ ಕಡೆಯ ಜೈನ ಕುಟುಂಬದವಳು. ಚಾತುರ್ಮಾಸಕ್ಕೆ ಬಂದ ಮುನಿಗಳ ಪ್ರವಚನದಲ್ಲಿ ಚಿಕ್ಕಂದಿನಲ್ಲೇ ಕೇಳಿದ್ದೆ. ಕನ್ನಡದ ಜೈನ ಕವಿಗಳು ಕಾವ್ಯದ ಆರಂಭದಲ್ಲಿ ಕೈಮುಗಿದು ನೆನೆಯುವ ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಕೊಟ್ಟ ದೃಷ್ಟಾಂತ ಅದು. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರು ಅನ್ನಿ. ಕೊಡ ಬೇಕಾಗಿದ್ದವನು ಅಳುತ್ತಾನೆ. ಕಿರೀಟ ಬೇಕಾಗಿದ್ದವನು ಹಿಗ್ಗುತ್ತಾನೆ. ಚಿನ್ನ ಬೇಕಾಗಿದ್ದವನು ಅಳುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಮೂವರಿಗೂ ಅವರವರ ಕಾರಣ ಇದೆ, ಯಾರೂ ಸುಳ್ಳಲ್ಲ. ಹುಟ್ಟು, ಅಳಿವು, ಇರವು ಈ ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಹೊತ್ತಿಗೆ ನಿಜ ಎಂಬುದು ಜೈನರ ನಿಲುವು.

‘ಕೊಲಾಪ್ಸ್’ ಬೇಕಾಗಿದ್ದವನು ತಮ್ಮನ ಮಗ, ಅವನು ಅತ್ತ. ‘ರಾಂಪೆನ್’ನ ನಿಧಾನ ಬೇಕಾಗಿದ್ದವರು ಹಿಗ್ಗಿದರು. ಹಾಗಾದರೆ ಚಿನ್ನ ಯಾವುದು?

ಸದಸ್ಯರು ಎನ್ನಲಾಗದು, ಅರ್ಧದಷ್ಟು ಜನ ಬದಲಾಗಿದ್ದಾರೆ. ದನಿ ಎನ್ನಲಾಗದು. ಹೆಸರು ಎಂದರೆ ಅದು ಬರೀ ಫಲಕ. ಇಲ್ಲಿ ಶಂಕರಾಚಾರ್ಯರು ನೆನಪನ್ನು ಮುಂದೆ ತರುತ್ತಾರೆ. ಎಲ್ಲವೂ ಕ್ಷಣಕ್ಷಣಕ್ಕೂ ಹೊಸತು ಎಂಬ ಬೌದ್ಧರ ಮಾತನ್ನು ಬ್ರಹ್ಮಸೂತ್ರ ಭಾಷ್ಯದಲ್ಲಿ ಎದುರಿಸುತ್ತ, ನಿನ್ನೆ ಕಂಡವನೂ ಇಂದು ಅದನ್ನು ನೆನೆಯುವವನೂ ಒಬ್ಬನೇ ಆಗಿರದಿದ್ದರೆ ನೆನಪೇ ಹುಟ್ಟದು ಎನ್ನುತ್ತಾರೆ. ಹೋಲಿಕೆಯನ್ನು ಗುರುತೆಂದು ಭ್ರಮಿಸುತ್ತೀರಿ ಎಂದು ಬೌದ್ಧರು ಹೇಳಿದರೆ, ಎರಡನ್ನು ಹೋಲಿಸಲಾದರೂ ಎರಡನ್ನೂ ಕಂಡ ಒಬ್ಬ ಬೇಕಲ್ಲ ಎಂಬುದು ಅವರ ಉತ್ತರ. ಬಲವಾದ ವಾದ. ಆದರೆ ನನ್ನ ಪ್ರಶ್ನೆಗೆ ಅದು ಹೊಂದುವುದಿಲ್ಲ. ‘ಕೊಲಾಪ್ಸ್’ ಕೇಳಿದ ಕಿವಿಯೇ ‘ರಾಂಪೆನ್’ ಕೇಳಿತು ಎಂಬುದರಿಂದ ಒಬ್ಬನೇ ಎಂದು ಸಾಬೀತಾಗುವವನು ನನ್ನ ತಮ್ಮನ ಮಗ. ಬರ್ಲಿನ್ನಿನವರ ಮಾತು ಹಾಗೇ ಉಳಿಯುತ್ತದೆ.

ಬೌದ್ಧರ ‘ಮಿಲಿಂದಪಞ್ಹ’ದಲ್ಲಿ ನಾಗಸೇನ ಭಿಕ್ಷುವಿನ ಒಂದು ಉದಾಹರಣೆ ಇದೆ. ಒಬ್ಬ ಇನ್ನೊಬ್ಬನ ಮಾವಿನಹಣ್ಣು ಕದ್ದು ಸಿಕ್ಕಿಬೀಳುತ್ತಾನೆ. ‘ಇವನು ನೆಟ್ಟ ಮಾವೇ ಬೇರೆ, ನಾನು ಕಿತ್ತ ಮಾವೇ ಬೇರೆ, ನಾನು ಇವನದನ್ನು ಕದಿಯಲಿಲ್ಲ’ ಎಂದು ವಾದ ಹೂಡುತ್ತಾನೆ. ನೆಟ್ಟದ್ದು ಓಟೆ, ಕಿತ್ತದ್ದು ಹಣ್ಣು, ಎರಡೂ ಒಂದಲ್ಲ ಎಂಬುದು ದಿಟ. ಆದರೂ ಅವನು ಶಿಕ್ಷೆಗೆ ಪಾತ್ರ ಎಂದು ದೊರೆ ಮಿಲಿಂದ ಒಪ್ಪುತ್ತಾನೆ, ಏಕೆಂದರೆ ಆ ಹಣ್ಣು ಬಂದದ್ದು ಆ ಓಟೆಯಿಂದಲೇ. ಇದು ನನಗೆ ಬಹಳ ಹಿಡಿಸಿದ ಮಾತು. ‘ನಾನೇ ಅವನಾ?’ ಎಂಬ ಪ್ರಶ್ನೆಯ ಬೇರು ಕುತೂಹಲದಲ್ಲಿಲ್ಲ, ಹೊಣೆಯಲ್ಲಿದೆ. ‘ಆಗಿನ ನಾನು ಈಗಿಲ್ಲ’ ಎಂದು ಯಾರಾದರೂ ಹೇಳಿದರೆ, ಹೆಚ್ಚಿನ ಸಲ ಅವರು ಯಾವುದೋ ಲೆಕ್ಕವನ್ನು ತಪ್ಪಿಸಿಕೊಳ್ಳುತ್ತಿರುತ್ತಾರೆ. ಯುದ್ಧ ಕಳೆದ ಜರ್ಮನಿಯಲ್ಲಿ ಆ ಮಾತು ಎಷ್ಟು ಮನೆಗಳಲ್ಲಿ ಕೇಳಿಬಂದಿರಬೇಕು!

ಇಷ್ಟಾದ ಮೇಲೂ ಸಮಂತಭದ್ರರ ಚಿನ್ನ ನನ್ನನ್ನು ಎಳೆಯುತ್ತದೆ. ಎಷ್ಟು ಸಲ ಕರಗಿಸಿದರೂ ಚಿನ್ನ ಚಿನ್ನವೇ. ಆದರೆ ನಾನು ಜೀವನವಿಡೀ ಕರಗಿಸುವುದನ್ನು ಕಂಡದ್ದು ಗುಜರಿ ಉಕ್ಕನ್ನು, ಮನುಷ್ಯರ ಮನಸ್ಸು ಅದಕ್ಕೇ ಹತ್ತಿರ.

ನಮ್ಮ ಫರ್ನೇಸಿಗೆ ಬರುತ್ತಿದ್ದ ಗುಜರಿಯಲ್ಲಿ ಏನಿರುತ್ತಿತ್ತು, ಏನಿರುತ್ತಿರಲಿಲ್ಲ! ಮುರಿದ ಕಂಬಿ, ಲಾರಿಯ ಪ್ಲೇಟು, ಜೊತೆಗೆ ಕಣ್ತಪ್ಪಿಸಿ ನುಸುಳಿದ ಮೋಟರಿನ ವೈಂಡಿಂಗು. ಕರಗಿದ ಲೋಹದಿಂದ ಒಂದು ಚಮಚ ತೆಗೆದು, ಬಿಲ್ಲೆಯಾಗಿ ಹೆಪ್ಪುಗಟ್ಟಿಸಿ, ಮುಖವನ್ನು ಉಜ್ಜಿ ಲ್ಯಾಬಿಗೆ ತರುತ್ತಿದ್ದರು. ನಾನು ಅದನ್ನು ಸ್ಪೆಕ್ಟ್ರೋಮೀಟರಿನ ಕೆಳಗಿಟ್ಟು ಕಿಡಿ ಹಾರಿಸಿದರೆ ಒಂದೊಂದು ಧಾತುವಿನ ಅಂಕಿ ಬರುತ್ತಿತ್ತು. ಇಂಗಾಲ ಹೆಚ್ಚಿದ್ದರೆ ದಾರಿ ಇದೆ, ಮ್ಯಾಂಗನೀಸ್ ಕಡಿಮೆ ಇದ್ದರೆ ಹಾಕಬಹುದು. ತಾಮ್ರದ ಅಂಕಿ ಏರಿದರೆ ಮಾತ್ರ ಎಲ್ಲರ ಮುಖ ಇಳಿಯುತ್ತಿತ್ತು. “ತಾಮ್ರ ಬಿದ್ದಿದೆಯಾ ಮೇಡಂ? ಇನ್ನೇನ್ ಮಾಡಕ್ಕಾಗತ್ತೆ,” ಎನ್ನುತ್ತಿದ್ದರು ಫರ್ನೇಸ್ ಮೇಸ್ತ್ರಿ. ಆಮ್ಲಜನಕ ಊದಿ ಸುಡೋಣವೆಂದರೆ ತಾಮ್ರಕ್ಕಿಂತ ಮೊದಲು ಸುಡುವುದು ಕಬ್ಬಿಣವೇ. 1,600 ಡಿಗ್ರಿ ಸೆಲ್ಸಿಯಸ್ಸಿನ ಕಾವಿಗೂ ತಾಮ್ರ ಹೊರಗೆ ಬಾರದು. ಆ ಉಕ್ಕು ಮತ್ತೆ ಗುಜರಿಯಾಗಿ, ಮತ್ತೆ ಕರಗಿ, ಮತ್ತೊಂದು ವಸ್ತುವಾದರೂ ತಾಮ್ರ ಅದರ ಜೊತೆಗೇ ಇರುತ್ತದೆ. ನಮಗಿದ್ದ ಉಪಾಯ ಒಂದೇ: ಶುದ್ಧ ಕಬ್ಬಿಣವನ್ನು ಮೇಲಿಂದ ಮೇಲೆ ಸೇರಿಸಿ ತಾಮ್ರದ ಪಾಲನ್ನು ತಗ್ಗಿಸುವುದು.

ತಾಮ್ರದ ಪಾಲು ಮಿತಿ ಮೀರಿದ ಉಕ್ಕನ್ನು ಕಾಯಿಸಿ ಉರುಳೆಗೆ ಕೊಟ್ಟರೆ ಮೈಯೆಲ್ಲ ಸೀಳುತ್ತದೆ. ಅದೇ ತಾಮ್ರ ಹದದಲ್ಲಿದ್ದರೆ, ಮಳೆಗಾಳಿಗೆ ಒಡ್ಡಿದ ಉಕ್ಕಿನ ಮೇಲೆ ಬಿಗಿಯಾದ ಪದರ ಕಟ್ಟಲು ನೆರವಾಗಿ ತುಕ್ಕು ಒಳಗಿಳಿಯದಂತೆ ಕಾಯುತ್ತದೆ. ಬಣ್ಣ ಬಳಿಯದೆ ಬಯಲಲ್ಲಿ ನಿಲ್ಲಿಸುವ ಸೇತುವೆಗಳಿಗೆ ಬೇಕೆಂದೇ ತಾಮ್ರ ಬೆರೆಸಿದ ಉಕ್ಕು ಬಳಸುವುದುಂಟು. ಸೀಳುವುದೂ ಕಾಯುವುದೂ ಅದೇ ಧಾತು. ವ್ಯತ್ಯಾಸ ಅಳತೆಯಲ್ಲಿ.

ಕರ್ಮವೆಂದರೆ ಆತ್ಮಕ್ಕೆ ನಿಜವಾಗಿ ಬಂದು ಅಂಟುವ ದ್ರವ್ಯ, ಪುದ್ಗಲ ಎಂದು ಜೈನರು ಹೇಳುತ್ತಾರೆ. ತಪಸ್ಸಿನ ಕಾವಿನಲ್ಲಿ ಅದನ್ನು ಉದುರಿಸುವುದಕ್ಕೆ ನಿರ್ಜರೆ ಎಂದು ಹೆಸರು. ಮುನಿಗಳ ದಾರಿ ಅದು, ಅದಕ್ಕೆ ನನ್ನ ನಮಸ್ಕಾರ. ಸಂಸಾರಸ್ಥರಾದ ನಮ್ಮ ಒಲೆಗಳಿಗೆ ಅಷ್ಟು ಕಾವಿಲ್ಲ. ನಮ್ಮ ಅಜ್ಜಿ ಸಂಜೆ ಪ್ರತಿಕ್ರಮಣಕ್ಕೆ ಕೂತರೆ ಆ ದಿನದ ತಪ್ಪುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದರು. ಹೇಳಿಕೊಂಡದ್ದರಿಂದ ತಪ್ಪು ಇಲ್ಲವಾಯಿತೆಂದು ಅವರು ಎಂದೂ ಹೇಳಿದ್ದು ನನಗೆ ನೆನಪಿಲ್ಲ. ಮರುದಿನ ಅದೇ ಮಾತಿನ ಹತ್ತಿರ ಬಂದಾಗ ನಾಲಿಗೆಯನ್ನು ಹಿಡಿಯುತ್ತಿದ್ದರು. ತಪ್ಪೇ ಅವರಿಗೆ ಕಾವಲಾಗಿ ನಿಂತಿತ್ತು.

ಒಬ್ಬನನ್ನು ಅವನೇ ಎಂದು ನಾನು ಗುರುತಿಸುವುದು ಇದನ್ನೇ ಹಿಡಿದು. ನಾನು ಹುಡುಕುವುದು ಅವನೊಳಗೆ ಸುಟ್ಟರೂ ಹೋಗದೆ ಉಳಿದದ್ದನ್ನು, ಮತ್ತು ಅದನ್ನು ಅವನು ಎಷ್ಟು ಹದದಲ್ಲಿ ಇಟ್ಟುಕೊಂಡಿದ್ದಾನೆ ಎಂಬುದನ್ನು. ‘ರಾಂಪೆನ್’ನಲ್ಲಿ 1980ರ ಸುತ್ತಿಗೆ ಇದೆ. ಆ ಸಂಗೀತದ ನಿಧಾನ ಸುಖಿಗಳ ನಿಧಾನವಲ್ಲ. ಲೋಹವನ್ನು ಮುಟ್ಟಿದ ಪ್ರತಿಸಲವೂ, ಮುಂದೆ ಬರಬಹುದಾದ ಪೆಟ್ಟಿನ ನೆನಪು ಕೇಳುವವನ ಮೈಯಲ್ಲಿ ಎಚ್ಚರಗೊಳ್ಳುತ್ತದೆ. ಪೆಟ್ಟು ಬೀಳುವುದಿಲ್ಲ, ಎಚ್ಚರ ಉಳಿಯುತ್ತದೆ. ಒಮ್ಮೆಯೂ ಕೂಗಿರದ ಗಾಯಕ ಇದೇ ತಗ್ಗುದನಿಯಲ್ಲಿ ಹಾಡಿದ್ದರೆ ಅದು ಬರೀ ಇಂಪಾಗಿರುತ್ತಿತ್ತು. ತಂಡದ ಹುಟ್ಟಿನಲ್ಲಿದ್ದ ಮುಖ್ಯ ಗುಣವೂ ಹಾಗೇ ಇದೆ. ಸೇತುವೆಯ ಟೊಳ್ಳಿನೊಳಗೆ ಕೂತಾಗ ಮುಂದಿನ ಸದ್ದು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಅರವತ್ತು ದಾಟಿ, ಸಾವಿರಾರು ಜನರೆದುರು ಗೊತ್ತಿಲ್ಲದ ಕಡೆಗೆ ಹೆಜ್ಜೆ ಇಡುವಾಗಲೂ ಗೊತ್ತಿಲ್ಲ, ಗೊತ್ತಿಲ್ಲವೆಂದು ಹಾಡಿನ ಹೆಸರಿನಲ್ಲೇ ಒಪ್ಪಿಕೊಂಡಿದ್ದಾರೆ. ಅಂದು ಊರಿನ ಗುಜರಿ ಆಯ್ದು ತಂದವರು ಇಂದು ತಮ್ಮದೇ ಹಳೆಯ ದನಿಯನ್ನು ಗುಜರಿಯಂತೆ ಎತ್ತಿಕೊಂಡಿದ್ದಾರೆ. ಅದಕ್ಕೆ ಪೂಜೆಯೂ ಇಲ್ಲ, ತಿರಸ್ಕಾರವೂ ಇಲ್ಲ. ಕೈಯಲ್ಲಿ ತೂಗಿ ನೋಡಿ ಮತ್ತೆ ಕರಗಿಸಿದ್ದಾರೆ.

ಇದನ್ನೆಲ್ಲ ಒಂದು ಭಾನುವಾರ ತಮ್ಮನ ಮಗನಿಗೆ ಹೇಳಿದೆ. “ಹಾಗಾದ್ರೆ ಕೋಪ ಎಲ್ಲೋಯ್ತು ಅತ್ತೆ?” ಎಂದು ಕೇಳಿದ. ಎಲ್ಲಿಗೂ ಹೋಗಿಲ್ಲ, ಈಗ ಅದು ಕಾಯುವ ಕೆಲಸಕ್ಕೆ ನಿಂತಿದೆ ಎಂದೆ. ಅವನು ಒಪ್ಪಿದನೋ ಇಲ್ಲವೋ, ‘ಲಾಮೆಂಟ್’ ಹಾಕಿ ಇಬ್ಬರೂ ಕೇಳಿದೆವು.

ಪೂರ್ತಿ ಬದಲಾದೆ, ಹಳೆಯದೆಲ್ಲ ಸುಟ್ಟುಹೋಯಿತು, ಹೊಸ ಮನುಷ್ಯನಾದೆ ಎಂದು ಹೇಳಿಕೊಳ್ಳುವವರು ಮಠಗಳಲ್ಲೂ ರಾಜಕೀಯದಲ್ಲೂ ಮನೆಗಳಲ್ಲೂ ಇದ್ದಾರೆ. ಅವರ ಮಾತನ್ನು ನಾನು ನಂಬುವುದಿಲ್ಲ. ಒಂಚೂರೂ ಬದಲಾಗಿಲ್ಲ ಎಂದು ಹೆಮ್ಮೆಪಡುವವರನ್ನೂ ನಂಬುವುದಿಲ್ಲ, ಅವರು ಒಮ್ಮೆಯೂ ಕುಲುಮೆಗೆ ಇಳಿದೇ ಇಲ್ಲ. ಹಳೆಯದು ನನ್ನಲ್ಲಿ ಬೆರೆತಿದೆ, ತೆಗೆಯಲಾರೆ, ಒಳ್ಳೆಯದನ್ನು ಸೇರಿಸುತ್ತ ಅದನ್ನು ಅಳತೆಯಲ್ಲಿ ಇಟ್ಟಿದ್ದೇನೆ, ಕೇಳಿದವರಿಗೆ ಅದರ ಲೆಕ್ಕ ಕೊಡುತ್ತೇನೆ ಎನ್ನುವವನು ಸಿಕ್ಕರೆ, ಅವನು ನಿನ್ನೆಯವನೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ನಾಳೆಯೂ ಅವನನ್ನು ನಂಬಿ ಒಂದು ಕೆಲಸ ಒಪ್ಪಿಸುತ್ತೇನೆ.